ಹಸಿ ಪಪ್ಪಾಯಿ, ಈರುಳ್ಳಿ, ರಾಗಿ ಮೊಳಕೆ: ಮಕ್ಕಳ ವಿಜ್ಞಾನ ನಮ್ಮ ಅಡುಗೆಮನೆಯಲ್ಲೇ ಐತಿ

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಊರಿಗೆ ಬಂದಿದ್ದಳು. ಏಳನೇ ಕ್ಲಾಸು. ತೋಟದ ಪಪ್ಪಾಯಿ ಹಣ್ಣಿಗೆ ಹಾಲು ಹಾಕಿ ಮಿಕ್ಸಿಗೆ ತಿರುವಿ ಜ್ಯೂಸ್ ಮಾಡಿದಳು. ಅರ್ಧ ಕುಡಿದು, ಉಳಿದಿದ್ದನ್ನು ಊಟ ಆದ ಮೇಲೆ ಕುಡಿಯೋಣ ಅಂತ ಮುಚ್ಚಿಟ್ಟಳು. ಎರಡು ತಾಸು ಬಿಟ್ಟು ಬಾಯಿಗಿಟ್ಟವಳೇ ಮುಖ ಕಿವುಚಿದಳು. “ಮಾಮ, ಆಗ ಸಿಹಿ ಇತ್ತು, ಈಗ ಕಹಿ ಆಗೈತಿ. ಹಾಲೂ ಕೆಟ್ಟಿಲ್ಲ, ಹಣ್ಣೂ ಕೆಟ್ಟಿಲ್ಲ. ಯಾಕೆ?”

ನಾನು ತೋಟಗಾರಿಕೆಯಲ್ಲಿ ಪದವಿ ಮಾಡಿದವನು. ಕಿಣ್ವ ಅಂದ್ರೇನು ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆದು, ಬೀಗ-ಕೀಲಿಯ ಚಿತ್ರ ಬಿಡಿಸಿ ಅಂಕ ತಗೊಂಡವನು. ಆದ್ರೂ ಆ ಲೋಟದ ಮುಂದೆ ನಿಂತು ಒಂದು ನಿಮಿಷ ಸುಮ್ಮನಾದೆ. ಆಮೇಲೆ ಹೊಳೀತು. ಪಪ್ಪಾಯಿಯಲ್ಲಿ ಪಪೈನ್ ಅನ್ನೋ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತೆ. ಹಾಲಿನ ಪ್ರೋಟೀನು ಸಣ್ಣ ಸಣ್ಣ ತುಂಡಾದಾಗ ಅದರಲ್ಲಿ ಕೆಲವು ತುಂಡುಗಳು ನಾಲಿಗೆಗೆ ಕಹಿ. ಅಷ್ಟೇ ವಿಷಯ. ನಾನು ಓದಿದ್ದ ಪಾಠ ನಮ್ಮ ಮನೆ ಲೋಟದಲ್ಲೇ ನಡೀತಿತ್ತು, ನನಗೆ ಗುರುತು ಸಿಗಲಿಲ್ಲ.

ಅವತ್ತಿಂದ ನನ್ನದೊಂದು ಅಭಿಪ್ರಾಯ ಗಟ್ಟಿ ಆಗಿದೆ. ಕಿಣ್ವ, ಡಿಎನ್‌ಎ, ಪ್ರೋಟೀನ್ ಅನ್ನೋ ಮೂರು ಪದಗಳನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದೋಕೆ ಮುಂಚೆ ಕೈಯಲ್ಲಿ ಮುಟ್ಟಿ ನೋಡಬೇಕು. ಅದನ್ನು ಕಲಿಸೋ ಕೆಲಸ ಶಾಲೆಯದ್ದು ಮಾತ್ರ ಅಲ್ಲ. ಪಪ್ಪಾಯಿ, ಈರುಳ್ಳಿ, ರಾಗಿ ಬೆಳೆಯೋ ನಮ್ಮದೂ ಹೌದು. ಇದರಲ್ಲಿ ಮಕ್ಕಳಿಗಿಂತ ಹೆಚ್ಚು ಲಾಭ ನಮಗೇ ಇದೆ. ಯಾಕೆ ಅಂತ ಹೇಳ್ತೀನಿ.

ಪದ ಗೊತ್ತಿಲ್ಲದಿದ್ರೆ ಜೇಬಿಗೆ ಕತ್ತರಿ

ಸಾವಯವಕ್ಕೆ ಬಂದ ಹೊಸದರಲ್ಲಿ ನಾನು ಮೂರು ಎಕರೆ ಈರುಳ್ಳಿಗೆ ಅಂತ ಒಂದು ಬಾಟಲಿ ಔಷಧಿ ತಂದೆ. ಲೇಬಲ್ ಮೇಲೆ ಎಂಜೈಮ್, ಅಮೈನೋ ಆಸಿಡ್, ಪ್ರೋಟೀನ್ ಎಲ್ಲಾ ಇತ್ತು. ನಾಲ್ಕು ಸಾವಿರದ ಮೇಲೆ ಹೋಯ್ತು. ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ಬಿಸಿಲಲ್ಲಿ ಆ ಬಾಟಲಿಗಳು ಎಷ್ಟು ದಿನದಿಂದ ಬೇಯ್ತಿದ್ದವೋ. ಕಿಣ್ವ ಅನ್ನೋದು ಪ್ರೋಟೀನು, ಬಿಸಿಗೆ ಕೆಡೋ ವಸ್ತು ಅಂತ ಪರೀಕ್ಷೆಗೆ ಬರೆದ ಕೈಯೇ ಅವತ್ತು ದುಡ್ಡು ಎಣಿಸಿ ಕೊಡ್ತು. ಒಂದು ಸಾಲನ್ನೂ ಬಿಡದೆ ಪೂರಾ ಹೊಲಕ್ಕೆ ಹೊಡೆದೆ. ಹಾಗಾಗಿ ಅದರಿಂದ ಲಾಭ ಆಯ್ತೋ ಇಲ್ವೋ ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗೋ ದಾರಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ.

2021ರಲ್ಲಿ ಕೇಂದ್ರ ಸರ್ಕಾರ ಇಂಥ ಜೈವಿಕ ಉತ್ತೇಜಕಗಳನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದೆ. ಪ್ರೋಟೀನ್ ತುಂಡುಗಳು, ಅಮೈನೋ ಆಮ್ಲ, ಸಮುದ್ರ ಪಾಚಿಯ ಸಾರ ಎಲ್ಲಾ ಆ ಪಟ್ಟಿಯಲ್ಲಿವೆ. ಒಳ್ಳೆಯದೇ ಆಯ್ತು. ಆದ್ರೆ ಕಾನೂನು ಅಂಗಡಿ ಕಟ್ಟೆವರೆಗೆ ಬಂದರೂ ಲೇಬಲ್ ಓದಿ “ಇದು ಹೆಂಗೆ ಕೆಲಸ ಮಾಡ್ತದೆ?” ಅಂತ ಕೇಳಬೇಕಾದವರು ನಾವೇ. ಆ ಪ್ರಶ್ನೆ ಕೇಳೋ ಅಭ್ಯಾಸ ಮೂವತ್ತಕ್ಕೆ ಬರೋದು ಕಷ್ಟ, ಹನ್ನೆರಡಕ್ಕೆ ಸಲೀಸು.

ಎರಡು ಲೋಟದ ನಿಯಮ

ಈಗ ನಮ್ಮ ಅಂಗಳದ ಬೇವಿನ ಮರದ ಕೆಳಗೆ ಭಾನುವಾರ ಏಳೆಂಟು ಮಕ್ಕಳು ಸೇರ್ತಾರೆ. ನಿಯಮ ಒಂದೇ: ಯಾವ ಪ್ರಯೋಗಕ್ಕೂ ಎರಡು ಲೋಟ ಇರಬೇಕು. ಒಂದಕ್ಕೆ ನಾವು ಪರೀಕ್ಷೆ ಮಾಡೋ ವಸ್ತು ಹಾಕೋದು, ಇನ್ನೊಂದಕ್ಕೆ ಹಾಕಬಾರದು. ಇಲ್ಲಾಂದ್ರೆ ಕುದಿಸಿ ಹಾಕೋದು. ಮಿಕ್ಕಿದ್ದೆಲ್ಲ ಒಂದೇ ಥರ ಇರಬೇಕು. ಮಾಡೋಕೆ ಮುಂಚೆ ಏನಾಗುತ್ತೆ ಅಂತ ಪ್ರತಿಯೊಬ್ಬರೂ ಊಹೆ ಬರೀಬೇಕು. ನಮ್ಮಲ್ಲಿ ನಡೆದ ನಾಲ್ಕು ಪ್ರಯೋಗ ಇಲ್ಲಿ ಹೇಳ್ತೀನಿ.

1. ಪಪ್ಪಾಯಿ ಹಾಲು, ದನದ ಹಾಲು

ಬೆಳಿಗ್ಗೆ ಹೊತ್ತು ಗಿಡದಲ್ಲಿರೋ ಹಸಿ ಪಪ್ಪಾಯಿ ಕಾಯಿಗೆ ಚಾಕುವಿನಿಂದ ತೆಳ್ಳಗೆ ಗೀರು ಹಾಕಿ. ಬಿಳಿ ಹಾಲು ಒಸರುತ್ತೆ. ಅದನ್ನು ಚಮಚದಲ್ಲಿ ಹಿಡ್ಕೊಂಡು ಸ್ವಲ್ಪ ನೀರಿಗೆ ಕಲಸಿ. ಅರ್ಧ ಭಾಗ ಹಾಗೇ ಇಟ್ಟು, ಇನ್ನರ್ಧವನ್ನು ಕಾಲು ಗಂಟೆ ಕೊತಕೊತ ಕುದಿಸಿ ಆರಿಸಿ. ಎರಡು ಲೋಟದಲ್ಲಿ ಉಗುರು ಬೆಚ್ಚಗಿನ ದನದ ಹಾಲು ತಗೊಂಡು, ಒಂದಕ್ಕೆ ಹಸಿದು, ಇನ್ನೊಂದಕ್ಕೆ ಕುದಿಸಿದ್ದು ಹಾಕಿ. ಹಸಿದು ಹಾಕಿದ ಹಾಲು ಸ್ವಲ್ಪ ಹೊತ್ತಿಗೆ ಗಟ್ಟಿ ಕಟ್ಟುತ್ತೆ. ನಿಂಬೆಹಣ್ಣು ಹಿಂಡದೆ, ಹೆಪ್ಪು ಹಾಕದೆ ಹಾಲು ಒಡೆದಿದ್ದು ನೋಡಿ ಮಕ್ಕಳು ಬಾಯಿ ಬಿಟ್ಕೊಂಡು ನಿಂತರು. ಕುದಿಸಿದ್ದು ಹಾಕಿದ ಲೋಟ ಹಂಗೇ ಇತ್ತು. ಒಂದು ಮಾತು, ಪಪೈನ್ ಸ್ವಲ್ಪ ಹಟಮಾರಿ, ಬಿಸಿ ತಡ್ಕೊಳ್ತದೆ. ಎರಡು ನಿಮಿಷ ಕುದಿಸಿ ಬಿಟ್ರೆ ಪೂರ್ತಿ ಸಾಯಲ್ಲ.

ನಮ್ಮ ಬಳ್ಳಾರಿ ಸೀಮೆಯ ಅಂಜೂರದ ಎಲೆ ಮುರಿದ್ರೆ ಬರೋ ಹಾಲಿನಲ್ಲೂ ಇಂಥದೇ ಕಿಣ್ವ ಇದೆ, ಹೆಸರು ಫಿಸಿನ್. ಮಟನ್ ಬೇಗ ಬೇಯಲಿ ಅಂತ ಹಸಿ ಪಪ್ಪಾಯಿ ಅರೆದು ಹಚ್ತಾರಲ್ಲ, ಅದೂ ಇದೇ. ಅಡುಗೆ ಭಟ್ಟರಿಗೆ ಕೆಲಸ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನಮಗೆ ಹೆಸರು ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ.

ಪ್ರೋಟೀನ್ ಬಿಸಿಗೆ ಹೆಂಗೆ ಕೆಡ್ತದೆ ಅಂತ ಕಣ್ಣಿಗೆ ತೋರಿಸೋಕೆ ಮೊಟ್ಟೆ ಬೆಸ್ಟ್. ಹಸಿ ಮೊಟ್ಟೆಯ ತಿಳಿ ಬೆಂದ ಮೇಲೆ ಬೆಳ್ಳಗೆ ಗಟ್ಟಿ ಆಗುತ್ತೆ, ತಣ್ಣಗೆ ಮಾಡಿದ್ರೂ ಮತ್ತೆ ತಿಳಿ ಆಗಲ್ಲ. ಕಿಣ್ವವೂ ಪ್ರೋಟೀನೇ. ಅದರ ಆಕಾರ ಕೆಟ್ರೆ ಕೆಲಸವೂ ನಿಂತಂಗೆ. ಕೆಲವು ಮನೆಯಲ್ಲಿ ಮೊಟ್ಟೆ ಒಳಗೆ ಬರಲ್ಲ, ನಮ್ಮ ಕಡೆ ಅದು ಸಹಜ. ಬಲವಂತ ಬೇಡ. ಹಾಲಿನ ಪ್ರಯೋಗವೇ ಸಾಕು.

2. ದಪ್ಪ ಅಂಬಲಿ ತೆಳ್ಳಗಾಗೋದು

ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿಯದೆ ಹಿಟ್ಟು ಮಾಡ್ಕೊಳ್ಳಿ. ಈಗ ಮಾಮೂಲಿ ರಾಗಿ ಹಿಟ್ಟಿನಿಂದ ದಪ್ಪಗೆ ಅಂಬಲಿ ಕಾಸಿ ಎರಡು ಬಟ್ಟಲಿಗೆ ಸುರೀರಿ. ಬೆರಳು ಇಟ್ರೆ ತಡೆಯೋ ಅಷ್ಟು ಆರಿದ ಮೇಲೆ ಒಂದಕ್ಕೆ ಮಾತ್ರ ಒಂದು ಚಮಚ ಮೊಳಕೆ ಹಿಟ್ಟು ಕಲಸಿ. ಇನ್ನೊಂದಕ್ಕೆ ಅಷ್ಟೇ ಮಾಮೂಲಿ ಹಿಟ್ಟು. ಅರ್ಧ ತಾಸಿನೊಳಗೆ ಮೊಳಕೆ ಹಿಟ್ಟಿನ ಬಟ್ಟಲು ಸೌಟಿನಿಂದ ಜಾರೋ ಹಂಗೆ ತೆಳ್ಳಗಾಗುತ್ತೆ.

ನಾನು ಆತುರಕ್ಕೆ ಮೊದಲ ಸಲ ಕುದಿಯೋ ಅಂಬಲಿಗೇ ಹಾಕಿದೆ, ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಅವ್ವ ನಕ್ಕಳು: “ಸುಡೋ ಹಾಲಿಗೆ ಹೆಪ್ಪು ಹಾಕ್ತಾರೇನೋ?” ಹೆಪ್ಪಿನಲ್ಲಿ ಇರೋದು ಜೀವಂತ ಸೂಕ್ಷ್ಮಜೀವಿ, ಇಲ್ಲಿರೋದು ಬರೀ ಕಿಣ್ವ, ಎರಡೂ ಬೇರೆ. ಆದ್ರೆ ಅತಿ ಬಿಸಿ ಎರಡಕ್ಕೂ ಆಗಲ್ಲ ಅನ್ನೋ ಅವ್ವನ ಲೆಕ್ಕ ಸರಿ ಇತ್ತು.

ಇಲ್ಲಿ ಕೆಲಸ ಮಾಡೋದು ಅಮೈಲೇಸ್. ಪಿಷ್ಟದ ಉದ್ದನೆ ಸರಪಳಿಯನ್ನು ಕತ್ತರಿಸಿ ಸಕ್ಕರೆ ಮಾಡೋದು ಅದರ ಕೆಲಸ. ಬೀಜ ಮೊಳಕೆ ಒಡೆಯುವಾಗ ಸಸಿಗೆ ಊಟ ಸಿಗಲಿ ಅಂತ ಅದು ತಯಾರಾಗುತ್ತೆ. ನಮ್ಮ ಜೊಲ್ಲಿನಲ್ಲೂ ಇದೆ. ಜೋಳದ ರೊಟ್ಟಿಯನ್ನು ನುಂಗದೆ ಒಂದೆರಡು ನಿಮಿಷ ಅಗೀರಿ, ಸಣ್ಣಗೆ ಸಿಹಿ ಬರುತ್ತೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಮೆಕ್ಕೆಜೋಳದ ತೆನೆಯಲ್ಲೇ ಮೊಳಕೆ ಬರುತ್ತಲ್ಲ, ಕಾಳು ಹಗುರಾಗಿ ರೇಟು ಬೀಳೋದರ ಹಿಂದೆಯೂ ಇದೇ ಕತ್ತರಿ ಇದೆ. ಕಾಳಿನ ಪಿಷ್ಟ ಖರ್ಚಾಗಿರುತ್ತೆ.

ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮೊಳಕೆಯ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಅದಕ್ಕೆ ಕಾರಣವೂ ದೊಡ್ಡದು. ಎಳೆ ಕೂಸಿಗೆ ದಪ್ಪ ಗಂಜಿ ನುಂಗೋಕೆ ಆಗಲ್ಲ, ನೀರು ಬೆರೆಸಿ ತೆಳ್ಳಗೆ ಮಾಡಿದ್ರೆ ಹೊಟ್ಟೆ ತುಂಬುತ್ತೆ, ಪುಷ್ಟಿ ಸಿಗಲ್ಲ. ಮೊಳಕೆ ಹಿಟ್ಟು ಇದ್ರೆ ಹೆಚ್ಚು ಹಿಟ್ಟು ಹಾಕಿಯೂ ಗಂಜಿ ತೆಳ್ಳಗಿರುತ್ತೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಈ ಪ್ರಯೋಗ ನೋಡಿ ಮನೆಗೆ ಹೋಗಿ ತಮ್ಮನ ಗಂಜಿಗೆ ಮೊಳಕೆ ಕಟ್ಟಿಸಿದಳು. ಪಾಠ ಅಂದ್ರೆ ಇದಲ್ವಾ?

3. ಈರುಳ್ಳಿಯ ಡಿಎನ್‌ಎ

ಕೂಡ್ಲಿಗಿ, ಕೊಟ್ಟೂರು ಭಾಗದಲ್ಲಿ ಈರುಳ್ಳಿಗೆ ಬರ ಇಲ್ಲ, ರೇಟಿಗೆ ಬರ. ಅರ್ಧ ಈರುಳ್ಳಿ ಸಾಕು. ಸಣ್ಣಗೆ ಹೆಚ್ಚಿ ಕುಟ್ಟಿ. ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ನೊರೆ ಬರದಂಗೆ ಈರುಳ್ಳಿ ಜೊತೆ ಕಲಸಿ. ಹತ್ತು ಹದಿನೈದು ನಿಮಿಷ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಆ ರಸವನ್ನು ಗಾಜಿನ ಲೋಟಕ್ಕೆ ಹಾಕಿ, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟನ್ನು ಚೆನ್ನಾಗಿ ತಣ್ಣಗೆ ಮಾಡಿ, ಲೋಟವನ್ನು ಓರೆ ಹಿಡಿದು ಅಂಚಿನಿಂದ ಮೆಲ್ಲಗೆ ಇಳಿಸಿ. ಕೆಳಗೆ ರಸ, ಮೇಲೆ ಸ್ಪಿರಿಟ್, ನಡುವೆ ಬಿಳಿ ದಾರದಂಥ ಎಳೆಗಳು ತೇಲುತ್ತವೆ.

ಮೊದಲ ಸಲ ನಮಗೆ ಬರಲಿಲ್ಲ. ಸ್ಪಿರಿಟ್ ಬೆಚ್ಚಗಿತ್ತು, ನಾನು ದಬಕ್ಕನೆ ಸುರಿದಿದ್ದೆ. “ಮಾಮ, ಫೇಲಾತು” ಅಂದರು. ಎರಡನೇ ಸಲ ಐಸ್ ಕ್ಯಾಂಡಿ ಮಾರೋರ ಹತ್ತಿರ ಐಸ್ ತಂದು ಬಾಟಲಿ ಅದರಲ್ಲಿ ಹೂತಿಟ್ಟೆವು. ಬಂತು. ಫೇಲಾಗಿದ್ದು ಯಾಕೆ ಅಂತ ಹುಡುಕಿದ್ದೇ ಅವತ್ತಿನ ದೊಡ್ಡ ಪಾಠ.

ಯಾಕೆ ಬಂತು ಅಂದ್ರೆ: ಜೀವಕೋಶದ ಪೊರೆ ಕೊಬ್ಬಿನದ್ದು, ಜಿಡ್ಡು ಬಿಡಿಸೋ ಲಿಕ್ವಿಡ್ ಅದನ್ನು ಒಡೀತದೆ. ಉಪ್ಪು ಡಿಎನ್‌ಎ ಎಳೆಗಳು ಒಟ್ಟುಗೂಡೋಕೆ ಅನುಕೂಲ ಮಾಡುತ್ತೆ. ಸ್ಪಿರಿಟ್‌ನಲ್ಲಿ ಡಿಎನ್‌ಎ ಕರಗಲ್ಲ, ಹಾಗಾಗಿ ಹೊರಗೆ ಬರುತ್ತೆ. ಕಾಣೋದು ಅಚ್ಚ ಡಿಎನ್‌ಎ ಅಲ್ಲ, ಪ್ರೋಟೀನು, ಮತ್ತೆ ಬೇರೆ ಅಂಟೂ ಸೇರಿರುತ್ತೆ ಅಂತ ಮಕ್ಕಳಿಗೆ ಮುಚ್ಚಿಡದೆ ಹೇಳಿ. ಸೋಸಿದ ರಸಕ್ಕೆ ಒಂದೆರಡು ಹನಿ ಹಸಿ ಪಪ್ಪಾಯಿ ಹಾಲು ಹಾಕಿದ್ರೆ ಅದರಲ್ಲಿನ ಪ್ರೋಟೀನು ಕತ್ತರಿಸಿ ಹೋಗುತ್ತೆ. ಕಿಣ್ವ, ಪ್ರೋಟೀನು, ಡಿಎನ್‌ಎ ಮೂರೂ ಒಂದೇ ಲೋಟದಲ್ಲಿ.

ಇದು ಹೊಸ ಉಪಾಯ ಅಲ್ಲ. 1869ರಲ್ಲಿ ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್ ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ ಈ ವಸ್ತುವನ್ನು ಮೊದಲು ಬೇರ್ಪಡಿಸಿದಾಗ, ಪ್ರೋಟೀನು ತೆಗೆಯೋಕೆ ಹಂದಿಯ ಹೊಟ್ಟೆಯ ಕಿಣ್ವ ಬಳಸಿದ್ದ. ನಮಗೆ ಪಪ್ಪಾಯಿ ಇದೆ, ಕೀವೂ ಬೇಡ, ಹಂದಿಯೂ ಬೇಡ.

ಆ ಎಳೆ ನೋಡಿ ಐದನೇ ಕ್ಲಾಸಿನ ಹುಡುಗ ಕೇಳಿದ, “ಅಂದ್ರೆ ನಾವು ದಿನಾ ಡಿಎನ್‌ಎ ತಿಂತೀವಾ?” ಹೌದು, ಪ್ರತಿ ತುತ್ತಿಗೂ. ಜೀನ್ ಇರೋ ತರಕಾರಿ, ಜೀನ್ ಇಲ್ಲದ ತರಕಾರಿ ಅಂತ ವಾಟ್ಸಾಪ್‌ನಲ್ಲಿ ಓಡಾಡೋ ಮೆಸೇಜುಗಳ ಗಾಳಿ ಅಲ್ಲೇ ಇಳೀತು. ನಾನು ಸಾವಯವದವನು. ಬಿಟಿ ಬೆಳೆ ಬಗ್ಗೆ ನನ್ನ ತಕರಾರು ಬೇರೆ ಇವೆ. ಆದ್ರೆ ತಕರಾರು ಮಾಡೋನಿಗೆ ವಿಷಯ ಸರಿಯಾಗಿ ಗೊತ್ತಿರಬೇಕು. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನೇ ಮುಂದಿನ ವರ್ಷ ಬಿತ್ತಿದ್ರೆ ಬೆಳೆ ಏರುಪೇರಾಗೋದು ಯಾಕೆ, ಪಪ್ಪಾಯಿ ಸಸಿ ನೋಡಿದ್ರೆ ಗಂಡೋ ಹೆಣ್ಣೋ ಯಾಕೆ ಗೊತ್ತಾಗಲ್ಲ, ಈ ಎಲ್ಲಾ ಪ್ರಶ್ನೆಗೂ ಉತ್ತರ ಆ ಬಿಳಿ ದಾರದಲ್ಲೇ ಇದೆ.

4. ಯೂರಿಯಾ, ಅರಿಶಿನ, ಸೋಯಾ

ಇದು ತಿನ್ನೋ ಪ್ರಯೋಗ ಅಲ್ಲ, ಹಳೇ ಪ್ಲಾಸ್ಟಿಕ್ ಲೋಟ ಬಳಸಿ, ಆಮೇಲೆ ಬಿಸಾಕಿ. ಎರಡು ಲೋಟ ನೀರಿಗೆ ಚೂರು ಅರಿಶಿನ, ಒಂದೊಂದು ಚಮಚ ಯೂರಿಯಾ ಹಾಕಿ. ಒಂದಕ್ಕೆ ಹಸಿ ಸೋಯಾ ಕಾಳಿನ ಪುಡಿ, ಇನ್ನೊಂದಕ್ಕೆ ಚೆನ್ನಾಗಿ ಬೇಯಿಸಿ ಒಣಗಿಸಿದ ಸೋಯಾ ಪುಡಿ. ಸೋಯಾ ಸಿಗದಿದ್ರೆ ಕಲ್ಲಂಗಡಿ ಬೀಜದ ಪುಡಿ. ಅಂಗಡಿಯ ಸೋಯಾ ಚಂಕ್ಸ್ ಬೇಡ, ಅದು ಆಗಲೇ ಬಿಸಿ ಕಂಡಿರುತ್ತೆ. ಸ್ವಲ್ಪ ಹೊತ್ತಿಗೆ ಹಸಿ ಪುಡಿಯ ಲೋಟದ ಹಳದಿ ಕೆಂಪಿಗೆ ತಿರುಗುತ್ತೆ, ಘಾಟು ವಾಸನೆ ಹೊಡೆಯುತ್ತೆ. ಯೂರಿಯೇಸ್ ಅನ್ನೋ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿದೆ, ಅದು ಕ್ಷಾರ, ಅದಕ್ಕೆ ಅರಿಶಿನ ಕೆಂಪಾಗಿದೆ.

ಮಣ್ಣಿನ ಸೂಕ್ಷ್ಮಜೀವಿಗಳಲ್ಲೂ ಇದೇ ಕಿಣ್ವ ಇದೆ. ಯೂರಿಯಾ ಮಣ್ಣಿನ ಮೇಲೆ ಎರಚಿ ಮುಚ್ಚದೆ ಬಿಟ್ರೆ ದುಡ್ಡು ಗಾಳಿಗೆ ಹೋಗೋದು ಹೀಗೇ. ಯೂರಿಯಾ ಹಾಕದ ನನ್ನಂಥವರಿಗೂ ಪಾಠ ಇದೆ: ಗೋಮೂತ್ರ ತೆರೆದಿಟ್ಟು ಹಳೆಯದಾದಷ್ಟೂ ಘಾಟು ಏರುತ್ತಲ್ಲ, ಅದು ಕೈ ಬಿಟ್ಟು ಹೋಗ್ತಿರೋ ಸಾರಜನಕ. ಡ್ರಮ್ಮಿನ ಬಾಯಿ ಮುಚ್ಚಿಡಿ.

ಕಿಣ್ವ ಅಂದ್ರೆ ಪ್ರೋಟೀನು ಅಂತ ಮೊದಲು ತೋರಿಸಿಕೊಟ್ಟಿದ್ದೂ ಈ ಯೂರಿಯೇಸೇ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಜಾತಿಯ ಅವರೆ ಥರದ ಕಾಳಿನಿಂದ ಇದರ ಹರಳು ತೆಗೆದ. ಒಂಬತ್ತು ವರ್ಷ ಹಿಡೀತು. ಹದಿನೇಳನೇ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈ ಕಳ್ಕೊಂಡವನು ಅವನು. 1946ರಲ್ಲಿ ನೊಬೆಲ್ ಬಂತು. ಈ ಕಥೆ ಹೇಳಿದ ದಿನ ಮಕ್ಕಳು ಒಂದೇ ಕೈಯಲ್ಲಿ ಪುಡಿ ಸೋಸೋಕೆ ಹೊರಟಿದ್ದರು.

“ಇದೆಲ್ಲ ನಮಗ್ಯಾಕೆ” ಅನ್ನೋರಿಗೆ

ಊರಲ್ಲಿ ಮೂರು ಮಾತು ಬಂದವು. ಮೊದಲನೇದು, ತಿನ್ನೋ ಪದಾರ್ಥ ಹಾಳು ಅಂತ. ಮಾತು ನ್ಯಾಯವೇ. ಅದಕ್ಕೆ ನಾವು ಚಮಚದ ಲೆಕ್ಕದಲ್ಲಿ ಮಾಡ್ತೀವಿ. ಅರ್ಧ ಈರುಳ್ಳಿ, ಎರಡು ಸಣ್ಣ ಲೋಟ ಹಾಲು, ಒಂದು ಮುಷ್ಟಿ ರಾಗಿ. ಅಂಬಲಿಯನ್ನಂತೂ ಕುಡಿದೇ ಮುಗಿಸ್ತೀವಿ.

ಎರಡನೇದು, ಯೂಟ್ಯೂಬ್‌ನಲ್ಲಿ ನೋಡಿದ್ರೆ ಸಾಲದೇ ಅಂತ. ನೋಡಲಿ. ಆದ್ರೆ ವಿಡಿಯೋದಲ್ಲಿ ಪ್ರಯೋಗ ಯಾವತ್ತೂ ಫೇಲಾಗಲ್ಲ, ಅಮೋನಿಯಾ ಮೂಗಿಗೆ ಬಡಿಯಲ್ಲ. ಎರಡನೇ ಲೋಟ ಇಡೋ ಅಭ್ಯಾಸವೂ ಬರಲ್ಲ.

ಮೂರನೇದು, ಇದು ಮಾಸ್ತರ ಕೆಲಸ ಅಂತ. ಈ ಮಾತಿಗೆ ನಾನು ಒಪ್ಪಲ್ಲ. ನಮ್ಮ ಐದು ತಾಲ್ಲೂಕು ಕಲ್ಯಾಣ ಕರ್ನಾಟಕಕ್ಕೆ ಸೇರಿವೆ. 371(ಜೆ) ಇಂದ ಕಾಲೇಜಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಆದ್ರೆ ಎಸ್ಸೆಸ್ಸೆಲ್ಸಿ ಮುಗೀತಿದ್ದಂಗೆ “ಸೈನ್ಸ್ ನಮ್ಮ ತಲೆಗೆ ಹತ್ತಲ್ಲ” ಅಂತ ಎಷ್ಟು ಮಕ್ಕಳು ಹಿಂದೆ ಸರೀತಾರೆ ನೀವೇ ನಿಮ್ಮ ಓಣಿಯಲ್ಲಿ ಎಣಿಸಿ. ಸೀಟು ಕಾಯ್ದಿಟ್ರೂ ಆ ಬಾಗಿಲವರೆಗೆ ಹೋಗೋ ಧೈರ್ಯ ಮಗುವಿಗೆ ಇರಬೇಕಲ್ಲ. ಆ ಧೈರ್ಯವನ್ನು ಯಾವ ಕಾಯಿದೆಯೂ ಕೊಡಲ್ಲ. ತನ್ನ ಮನೆಯ ಈರುಳ್ಳಿಯಿಂದ ಡಿಎನ್‌ಎ ತೆಗೆದ ಹುಡುಗಿಗೆ ಜೀವಶಾಸ್ತ್ರದ ಪುಸ್ತಕ ಭೂತದ ಥರ ಕಾಣಲ್ಲ.

ಮಾಸ್ತರನ್ನು ಬಿಟ್ಟು ಮಾಡಿ ಅಂತಲೂ ಹೇಳ್ತಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಶಾಲೆಯ ಎಸ್‌ಡಿಎಂಸಿಯಲ್ಲಿ ಇದ್ದೀರಿ. ಬ್ಯಾಗಿಲ್ಲದ ಶನಿವಾರ, ಇಲ್ಲವೇ ಫೆಬ್ರವರಿ 28ರ ವಿಜ್ಞಾನ ದಿನ, ಒಂದು ತಾಸು ಕೇಳಿ ಪಡೀರಿ. ಪಪ್ಪಾಯಿ ಕಾಯಿ, ಈರುಳ್ಳಿ ನೀವು ತಗೊಂಡು ಹೋಗಿ. ವಿವರಣೆ ಮೇಷ್ಟ್ರೇ ಕೊಡಲಿ.

ಎಚ್ಚರಿಕೆ ಇರಲಿ

ಪಪ್ಪಾಯಿ, ಅಂಜೂರದ ಹಾಲು ಚರ್ಮಕ್ಕೆ ಉರಿ, ಕಣ್ಣಿಗಂತೂ ತೀರಾ ಅಪಾಯ. ಅದನ್ನು ತೆಗೆಯೋದು ದೊಡ್ಡವರೇ, ಕೈಗೆ ಗ್ಲೌಸ್ ಹಾಕ್ಕೊಂಡು. ಸರ್ಜಿಕಲ್ ಸ್ಪಿರಿಟ್ ಬೆಂಕಿ ಹಿಡಿಯೋ ವಸ್ತು, ಒಲೆ ಹತ್ತಿರ ತರಬೇಡಿ, ಬಾಟಲಿ ನಿಮ್ಮ ಕೈಯಲ್ಲೇ ಇರಲಿ. ಸ್ಪಿರಿಟ್, ಯೂರಿಯಾ, ಪಪ್ಪಾಯಿ ಹಾಲು ಮುಟ್ಟಿದ ಯಾವುದನ್ನೂ ಮಕ್ಕಳು ಬಾಯಿಗೆ ಇಡಬಾರದು, ದನಕ್ಕೂ ಹಾಕಬಾರದು.

ಕೊನೆಗೆ ನನ್ನ ಹೊಲದ ಮಾತು. ಹೋದ ಹಂಗಾಮಿನಲ್ಲಿ ಹೊಸ ದ್ರಾವಣ ಒಂದನ್ನು ಸಿಂಪಡಿಸೋಕೆ ಪಂಪು ಬೆನ್ನಿಗೇರಿಸಿದ್ದೆ. ಅಕ್ಕನ ಮಗಳು ಬದುವಿನ ಮೇಲೆ ನಿಂತು ಕೂಗಿದಳು, “ಮಾಮ, ಎರಡನೇ ಲೋಟ ಎಲ್ಲಿ?” ನಾಲ್ಕು ಸಾಲು ಬಿಟ್ಟೆ, ಕೋಲು ನೆಟ್ಟು ಗುರುತು ಮಾಡಿದೆ. ಕೊಯ್ಲಿನಲ್ಲಿ ಹೊಡೆದ ನಾಲ್ಕು ಸಾಲು, ಬಿಟ್ಟ ನಾಲ್ಕು ಸಾಲು ಬೇರೆ ಬೇರೆ ತೂಗಿದೆವು. ವ್ಯತ್ಯಾಸ ಕಾಣಲಿಲ್ಲ. ಒಂದು ಸಲದ ತೂಕದಿಂದ ತೀರ್ಪು ಹೇಳೋದು ತಪ್ಪು, ಈ ಸಲವೂ ಸಾಲು ಬಿಡ್ತೀನಿ. ಆದ್ರೆ ಇನ್ನೊಂದು ಬಾಟಲಿ ಮಾತ್ರ ತಂದಿಲ್ಲ.

ಈ ಭಾನುವಾರ ಅಂಬಲಿಯಿಂದ ಶುರು ಮಾಡಿ. ರಾಗಿ ನಾಳೆಯೇ ನೆನೆಸಿಡಿ, ಮೊಳಕೆ ಬಂದು ಒಣಗೋಕೆ ಮೂರ್ನಾಲ್ಕು ದಿನ ಬೇಕು.